ನಾಲ್ಕು ಪ್ರಶ್ನೆಗಳ ಅಜ್ಜ

ಕಪ್ಪು ಅಂಚಿನ ಲಕೋಟೆ ಬಂದ ದಿನ ನಾನು ಅಳಲಿಲ್ಲ. ಕುರ್ಚಿ ಹತ್ತಿ ಕಪಾಟಿನ ಮೇಲಿದ್ದ ಹಳೆಯ ಫೈಲೊಂದನ್ನು ಹುಡುಕಿದೆ. ಈ ದೇಶದಲ್ಲಿ ಇಪ್ಪತ್ತು ವರ್ಷ ದಾಟಿದವನಿಗೆ ಹುಟ್ಟು, ಸಾವು, ಮದುವೆ ಯಾವುದೇ ಬರಲಿ, ಮೊದಲು ಫೈಲಿನ ಕಡೆಗೇ ಕೈ ಹೋಗುತ್ತದೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನಾನು ಹುಡುಕುತ್ತಿದ್ದದ್ದು ಕಾಗದವನ್ನಲ್ಲ. ಏನನ್ನು ಎಂದು ಈಗಲೇ ಹೇಳಿದರೆ ನೀವು ನನ್ನ ಮೇಲಿನ ಗೌರವವನ್ನು ಮೊದಲ ಪುಟದಲ್ಲೇ ಕಳೆದುಕೊಳ್ಳುತ್ತೀರಿ. ಸ್ವಲ್ಪ ತಡವಾಗಿ ಕಳೆದುಕೊಳ್ಳಿ.

ತೀರಿಕೊಂಡವರು ಜರ್ಮನಿಯಲ್ಲಿ ನಮ್ಮ ಮೊದಲ ಮನೆಯ ಯಜಮಾನರು. ಜರ್ಮನಿಯೂ ಗ್ರೀನ್ ಕಾರ್ಡ್ ಕೊಟ್ಟು ನಮ್ಮಂಥ ಕಂಪ್ಯೂಟರಿನವರನ್ನು ಕರೆಸಿಕೊಂಡ ಕಾಲ ಅದು. ಕಾರ್ಡಿಗೆ ಐದು ವರ್ಷದ ಅವಧಿ ಇತ್ತು, ನನ್ನ ಚಿಂತೆಗೆ ಅವಧಿ ಇರಲಿಲ್ಲ. ವಾಲ್‌ಡಾರ್ಫ್‌ನಲ್ಲಿ ಆಫೀಸು. ಹೈಡೆಲ್‌ಬರ್ಗ್‌ನಲ್ಲಿ ಮನೆ ಸಿಗದೆ, ಅಲ್ಲಿಂದಾಚೆ ಕಾಡುಗುಡ್ಡದ ಅಂಚಿನ ಒಂದು ಹಳ್ಳಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ ಹಿಡಿದಿದ್ದೆವು. ನಾವು ಎಂದರೆ ಮೈಸೂರಿನ ನಾನು, ಹುಬ್ಬಳ್ಳಿಯ ನನ್ನ ಸಹೋದ್ಯೋಗಿ ಗೆಳೆಯ. ಕೆಳಗೆ ಯಜಮಾನರು, ಅವರ ಹೆಂಡತಿ ಮತ್ತು ಆಸ್ಟಾ ಎಂಬ ಜೋಲುಕಿವಿಯ ಕೆಂಚು ನಾಯಿ. ನಾಯಿಯ ಹೆಸರು ಬರೆದಿದ್ದೇನೆ. ಯಜಮಾನರ ಹೆಸರು ಬರೆಯಲು ಇನ್ನೂ ಮುಖವಿಲ್ಲ. ನಾವಿಬ್ಬರೂ ಮನೆಯೊಳಗೆ ಅವರನ್ನು 'ಹಂದಿ ಅಜ್ಜ' ಎನ್ನುತ್ತಿದ್ದೆವು. ಹೆಸರಿಟ್ಟವನು ಹುಬ್ಬಳ್ಳಿಯವನು. ಅಜ್ಜನಿಗೆ ಆಗಿನ್ನೂ ಅರವತ್ತು ದಾಟಿತ್ತಷ್ಟೆ, ಆದರೆ ನಮಗೆ ಇಪ್ಪತ್ತೇಳು. ಅರವತ್ತು ದಾಟಿದವರೆಲ್ಲ ಅಜ್ಜಂದಿರೇ.

ಕಸುಬಿನಲ್ಲಿ ಬಡಗಿ. ಬಡಗಿತನ ಬಿಟ್ಟ ಮೇಲೆ ಅವರಿಗೆ ಇದ್ದದ್ದು ಒಂದೇ ಕೆಲಸ. ಸುತ್ತಲಿನ ಬೇಟೆಗಾರರು ಕಾಡುಹಂದಿಗೆ ಗುಂಡು ಹೊಡೆದು, ಅದು ಸಾಯದೆ ಗಾಯಗೊಂಡು ಪೊದೆ ಸೇರಿದರೆ ಇವರಿಗೆ ಫೋನು ಮಾಡುತ್ತಿದ್ದರು. ಇವರು ಆಸ್ಟಾಳನ್ನು ಉದ್ದನೆಯ ಚರ್ಮದ ಹಗ್ಗಕ್ಕೆ ಕಟ್ಟಿಕೊಂಡು ರಕ್ತದ ಜಾಡು ಹಿಡಿದು ಹೋಗಿ ಅದರ ನೋವು ಮುಗಿಸಿ ಬರುತ್ತಿದ್ದರು. ಬೇರೆಯವರು ತಪ್ಪಿದ ಗುರಿಯ ಹಿಂದೆ ನಡೆಯುವುದೇ ಅವರ ಬೇಟೆ. ತಾವಾಗಿ ಗುಂಡು ಹಾರಿಸಿದ್ದು ನಾನು ನೋಡಿದ್ದೇ ಇಲ್ಲ, ಹಾರಿಸದೆ ಇದ್ದದ್ದನ್ನು ಮಾತ್ರ ನೋಡಿದ್ದೇನೆ.

ಫೋನು ಇದ್ದದ್ದು ಕೆಳಗಿನ ಮೆಟ್ಟಿಲ ಪಕ್ಕದಲ್ಲಿ. ಹಲವು ವರ್ಷ ಕೋವಿಯ ಸದ್ದಿಗೆ ಒಡ್ಡಿದ ಅವರ ಎಡಗಿವಿ ಸತ್ತುಹೋಗಿತ್ತು. ಬಲಗಿವಿಗೆ ಒತ್ತಿ ಹಿಡಿದು, ಆ ಕಡೆಯವರೂ ಕಿವುಡರೇನೋ ಎಂಬಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು. ನಮ್ಮ ಬೆಳಗಿನ ಅವಲಕ್ಕಿಯ ಜೊತೆ ಆ ನಾಲ್ಕು ಪ್ರಶ್ನೆಗಳೂ ದಿನಚರಿಯಾದವು.

"ಎಲ್ಲಿ ನಿಂತಿತ್ತು?"

"ಮುಖ ಯಾವ ಕಡೆಗಿತ್ತು?"

"ಎಲ್ಲಿಗೆ ತಗುಲಿತು?"

"ಆಮೇಲೆ ಹೇಗೆ ಹೋಯಿತು?"

ನಾಲ್ಕಕ್ಕೂ ಉತ್ತರ ಕೇಳಿ ಸುಮ್ಮನಾಗುತ್ತಿದ್ದರು. ಗೋಡೆ ಗಡಿಯಾರದ ಸದ್ದು ನಮಗೆ ಮೇಲೆ ಕೇಳಿಸುವಷ್ಟು ಹೊತ್ತು ಬಿಟ್ಟು, ಅದೇ ದನಿಯಲ್ಲಿ, "ಸರಿ. ಈಗ ನಿಜ ಹೇಳಿ" ಎನ್ನುತ್ತಿದ್ದರು.

ಗೆಳೆಯ ಇದನ್ನು ಆಫೀಸಿಗೂ ಒಯ್ದ. ಯಾರಾದರೂ ಬಗ್ ಸರಿಪಡಿಸಿದ್ದೇನೆ ಎಂದರೆ ನಾಲ್ಕು ಕ್ಷಣ ಬಿಟ್ಟು, "ಸರಿಪಾ. ಈಗ ಖರೇ ಹೇಳು" ಎನ್ನುತ್ತಿದ್ದ.

ಬೇಟೆಯೆಂದರೆ ಮೂಗು ಮುರಿಯುವ ಮನೆಯಿಂದ ಬಂದವನು ನಾನು. ಮೊಟ್ಟೆ ಹಾಕಿದ ಕೇಕು ತಿಂದು ಎರಡು ದಿನ ಕೊರಗುತ್ತಿದ್ದೆ. ಅಂಥ ನನಗೆ ಅಜ್ಜನ ಗುಟ್ಟು ತಿಳಿದದ್ದು ಅಂಗಳದಲ್ಲಿದ್ದ ಮರದ ಹಂದಿಯಿಂದ. ಪ್ಲೈವುಡ್ಡಿನಲ್ಲಿ ನಿಜ ಗಾತ್ರಕ್ಕೆ ತಾವೇ ಕೊಯ್ದು ಮಾಡಿದ್ದರು. ಒಂದು ಬದಿಗೆ ಕಪ್ಪು ಬಣ್ಣ, ಇನ್ನೊಂದು ಬದಿಗೆ ಹೃದಯ, ಶ್ವಾಸಕೋಶ, ಹೊಟ್ಟೆ ಬರೆದಿದ್ದರು. ಬೇಟೆ ಪರೀಕ್ಷೆಗೆ ಓದುವವರು ಶನಿವಾರ ಬಂದು ಅದರ ಮುಂದೆ ನಿಲ್ಲುತ್ತಿದ್ದರು. ಒಂದು ದಿನ ಯಾರೂ ಬರಲಿಲ್ಲ. ಅಜ್ಜ ನನ್ನನ್ನು ಕರೆದು ಕೈಗೆ ಸೀಮೆಸುಣ್ಣ ಕೊಟ್ಟರು.

"ನೀವು ಎಂಜಿನಿಯರು. ಎಲ್ಲಿ ಹೊಡೆಯುತ್ತೀರಿ, ಗುರುತು ಹಾಕಿ."

ನಾನು ಸರಿಯಾಗಿ ನಡುಮಧ್ಯಕ್ಕೆ ಗುರುತು ಹಾಕಿದೆ. ಅಜ್ಜ ಹಲಗೆ ತಿರುಗಿಸಿದರು. ನನ್ನ ಗುರುತು ಹೊಟ್ಟೆಯ ಮೇಲಿತ್ತು.

"ಎಲ್ಲರೂ ನಡುವಿಗೇ ಹೊಡೆಯುತ್ತಾರೆ. ನಡುವೆ ಹೊಡೆದರೆ ಎರಡು ದಿನ ಬದುಕಿರುತ್ತದೆ. ಆ ಎರಡು ದಿನ ನಿಮ್ಮವು, ಅದರವಲ್ಲ."

ಮತ್ತೆ ತಿರುಗಿಸಿ, ಮುಂಗಾಲಿನ ಹಿಂದೆ, ನಾನು ಎಣಿಸಿದ್ದಕ್ಕಿಂತ ಎಷ್ಟೋ ಕೆಳಗೆ, ಅಂಗೈ ಇಟ್ಟರು. "ಇಷ್ಟೇ ಜಾಗ. ಅದು ಅಡ್ಡ ನಿಂತಿದ್ದರೆ ಮಾತ್ರ."

ಎದುರು ಮುಖವಾಗಿದ್ದರೆ? ಹೊಡೆಯುವ ಹಾಗಿಲ್ಲ, ಹಣೆಯ ಮೂಳೆ ದಪ್ಪ. ತಲೆಗೆ? ತಲೆ ಅಲುಗುತ್ತಲೇ ಇರುತ್ತದೆ, ದವಡೆ ಒಡೆದರೆ ಹಸಿವಿನಿಂದ ಸಾಯುತ್ತದೆ. ಓಡುತ್ತಿದ್ದರೆ? ಇಲ್ಲ. ಹಿಂದೆ ಮಣ್ಣಿನ ದಿಬ್ಬವಿಲ್ಲದೆ ಬರೀ ಆಕಾಶವಿದ್ದರೆ? ಇಲ್ಲ, ಗುಂಡು ಯಾರ ಮನೆಗೆ ಹೋಗುತ್ತದೋ. ಜೊತೆಯಲ್ಲಿ ಮರಿಗಳಿದ್ದರೆ? ಅವರು ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡರು.

"ಹಾಗಾದರೆ ಹೊಡೆಯುವುದು ಯಾವಾಗ?"

"ಅದನ್ನೇ ಕಲಿಸುತ್ತಿರುವುದು. ಹೊಡೆಯದೆ ಮನೆಗೆ ಬರುವುದು."

ಅಕ್ಟೋಬರಿನ ಒಂದು ಸಂಜೆ ನನ್ನನ್ನೂ ಮರದ ಅಟ್ಟಣೆಗೆ ಹತ್ತಿಸಿದರು. ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು, ಅಟ್ಟಣೆಗೆ ವಿಮೆ ಇದೆಯೇ ಎಂದು ಯೋಚಿಸುತ್ತ ಕೂತಿದ್ದೆ. ಇನ್ನೂ ಬೆಳಕಿರುವಾಗಲೇ ಜೋಳದ ಹೊಲದಿಂದ ಒಂಟಿ ಹಂದಿಯೊಂದು ಬಂತು. ನಮ್ಮ ಫ್ರಿಜ್ಜಿಗಿಂತ ಅಗಲ. ನಮ್ಮತ್ತ ಮುಖ ಮಾಡಿ ನಿಂತು ಮಣ್ಣು ಉಳುತ್ತಿತ್ತು. ಅಜ್ಜ ಕೋವಿ ಎತ್ತಿ ಕಾದರು. ನನ್ನ ಕಾಲು ಮರಗಟ್ಟಿತು. ಹಂದಿ ಅಡ್ಡ ತಿರುಗಲೇ ಇಲ್ಲ. ಕೊನೆಗೆ ಬಂದ ಹಾಗೆಯೇ ಹೊಲದೊಳಗೆ ಹೋಯಿತು. ಅಜ್ಜ ಕೋವಿಯಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡು, ಒಳ್ಳೆಯ ಊಟ ಮುಗಿಸಿದವರಂತೆ, "ಚೆನ್ನಾಗಿತ್ತು" ಎಂದರು.

ಇಳಿದು ಬರುವಾಗ ಕೇಳಿದೆ, "ಫೋನಿನಲ್ಲಿ ಯಾಕೆ ಹಾಗೆ ಕೇಳುತ್ತೀರಿ, ಈಗ ನಿಜ ಹೇಳಿ ಅಂತ?"

"ಜೋರಾಗಿ."

ಬಲಗಿವಿಯ ಕಡೆಗೆ ಬಂದು ಮತ್ತೆ ಕೇಳಿದೆ.

"ಎಲ್ಲರೂ ಭುಜದ ಹಿಂದೆ ಹೊಡೆದವರೇ," ಎಂದರು. "ಕಾಡಿನಲ್ಲಿ ನನಗೆ ಸಿಗುವುದು ಕಾಲಿನ ಎಲುಬಿನ ಚೂರು. ನಾಚಿಕೆಗೆ ಸುಳ್ಳು ಹೇಳುತ್ತಾರೆ. ಶ್ವಾಸಕೋಶಕ್ಕೆ ಬಿದ್ದಿದ್ದರೆ ಆರಾಮವಾಗಿ ಹೋಗಬಹುದು, ಸತ್ತಿರುತ್ತದೆ. ಹೊಟ್ಟೆಗೆ ಬಿದ್ದರೆ ಅರ್ಧ ದಿನ ಬಿಟ್ಟು ಹೋಗಬೇಕು. ಕಾಲಿಗೆ ಬಿದ್ದರೆ ಒಬ್ಬನೇ ಹೋಗಲೇಬಾರದು. ಕಾಲು ಮುರಿದ ಹಂದಿಗೆ ಒಂದು ಕಾಲು ಮಾತ್ರ ಕಮ್ಮಿ, ಉಳಿದದ್ದೆಲ್ಲ ಪೂರ್ತಿ ಇರುತ್ತದೆ. ಅವರ ಮಾತು ನಂಬಿ ಪೊದೆಯೊಳಗೆ ಹೋಗುವುದು ನಾನು ಮತ್ತು ಇವಳು." ಆಸ್ಟಾ ತನ್ನ ವಿಷಯವೆಂದು ತಿಳಿದು ಬಾಲ ಬಡಿದಳು.

ಇನ್ನೊಂದು ಪದ್ಧತಿ ಹೇಳಬೇಕು, ಮುಂದಿನ ಕತೆ ಅದರ ಮೇಲೆ ನಿಂತಿದೆ. ಗಾಯಗೊಂಡ ಪ್ರಾಣಿ ಸಿಕ್ಕ ಮೇಲೆ ಜಾಡು ಹಿಡಿದವನು ಫಿರ್ ಎಂಬ ಸೂಜಿಯೆಲೆ ಮರದ ಒಂದು ಚಿಕ್ಕ ರೆಂಬೆ ಮುರಿದು, ತುದಿಗೆ ಅದರ ರಕ್ತ ಮುಟ್ಟಿಸಿ, ಹೊಡೆದವನಿಗೆ ಕೊಡುತ್ತಾನೆ. ಹೊಡೆದವನು ಅದನ್ನು ಎರಡಾಗಿ ಮುರಿದು, ಒಂದು ತುಂಡನ್ನು ತಾನಿಟ್ಟುಕೊಂಡು ಇನ್ನೊಂದನ್ನು ಜಾಡು ಹಿಡಿದವನಿಗೆ ಹಿಂತಿರುಗಿಸಬೇಕು. ಒಂದು ಭಾನುವಾರ ಹೈಡೆಲ್‌ಬರ್ಗ್‌ನ ದಂತವೈದ್ಯರೊಬ್ಬರು ನಮ್ಮ ಅಂಗಳದಲ್ಲಿ ಟೋಪಿ ತೆಗೆದು ನಿಂತು, "ಅವಸರ ಮಾಡಿದೆ, ತೀರಾ ಹಿಂದೆ ಹೊಡೆದೆ" ಎಂದು ಒಪ್ಪಿಕೊಂಡು ರೆಂಬೆ ಮುರಿದು ಕೊಟ್ಟರು. ಅಜ್ಜ ಅದನ್ನು ಆಸ್ಟಾಳ ಕೊರಳಪಟ್ಟಿಗೆ ಸಿಕ್ಕಿಸಿ, ವೈದ್ಯರ ಬೆನ್ನು ತಟ್ಟಿ, ಒಳಗೆ ಕರೆದುಕೊಂಡು ಹೋಗಿ ಚೆರ್ರಿಯ ಸಾರಾಯಿ ಕುಡಿಸಿದರು. ಕೆಟ್ಟದಾಗಿ ಹೊಡೆದು ಸರಿಯಾಗಿ ಹೇಳಿದವನಿಗೆ ಅವರು ಮಾಡುತ್ತಿದ್ದ ಮರ್ಯಾದೆಯನ್ನು ನಾನು ಕಣ್ಣಾರೆ ನೋಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ, ಮಂಜು. ನಮ್ಮ ಸೆಕೆಂಡ್ ಹ್ಯಾಂಡ್ ಕಾರನ್ನು ನಾನು ಓಡಿಸುತ್ತಿದ್ದೆ, ಗೆಳೆಯ ಪಕ್ಕದಲ್ಲಿ. ಇಲ್ಲೊಂದು ವಿಷಯ. ಭಾರತದ ಲೈಸೆನ್ಸು ಈ ದೇಶದಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಪರೀಕ್ಷೆ ಬರೆದು ಇಲ್ಲಿನ ಫ್ಯೂರರ್‌ಶೈನ್ ತೆಗೆದುಕೊಳ್ಳಬೇಕು. ನಾವು ಬಂದು ಎಂಟು ತಿಂಗಳಾಗಿತ್ತು. ಪರೀಕ್ಷೆಯ ಪುಸ್ತಕ ತಂದಿದ್ದೆ, ಅದರ ಬಗ್ಗೆ ಪ್ರತಿದಿನ ಚಿಂತಿಸುತ್ತಿದ್ದೆ, ಓದಿರಲಿಲ್ಲ. ಚಿಂತಿಸಿದರೆ ಅರ್ಧ ಓದಿದ ಹಾಗೆ ಎಂಬ ನಂಬಿಕೆ ನನ್ನದು ಶಾಲೆಯಿಂದಲೂ ಇದೆ.

ಕಾಡಿನ ರಸ್ತೆಯ ಮೂರನೇ ತಿರುವಿನಲ್ಲಿ ಎಡಗಡೆಯಿಂದ ಅದು ಬಂತು. ಬ್ರೇಕು ಒತ್ತಿದೆ. ತೆಂಗಿನಕಾಯಿ ತುಂಬಿದ ಗೋಣಿಚೀಲಕ್ಕೆ ಗುದ್ದಿದಂಥ ಸದ್ದು. ಹಂದಿ ಬಿತ್ತು, ಎದ್ದಿತು. ಬಲ ಹಿಂಗಾಲು ಮಂಡಿಯಿಂದ ಕೆಳಗೆ ಬೇರೆಯವರದೆಂಬಂತೆ ತೂಗಾಡುತ್ತಿತ್ತು. ನಮ್ಮ ಕಡೆಗೊಮ್ಮೆ ನೋಡಿ, ಬಂದ ಕಡೆಗೇ ತಿರುಗಿ, ಎಡಗಡೆಯ ಇಳಿಜಾರಿನಲ್ಲಿ ಹಳ್ಳದ ಕಡೆಗೆ ಮೂರು ಕಾಲಲ್ಲಿ ಇಳಿಯಿತು.

"ಮಗಾ, ಅದು ಸತ್ತಿಲ್ಲ ಕಣೋ," ಎಂದೆ.

"ಲೇ, ಹೊಡೀಲೇ ಗಾಡಿ. ಪೊಲೀಸರು ಬಂದ್ರ ಮೊದಲ ಲೈಸೆನ್ಸ್ ಕೇಳ್ತಾರ. ಆಮ್ಯಾಲೆ ವೀಸಾ. ಆಮ್ಯಾಲೆ ಸೀದಾ ಹುಬ್ಬಳ್ಳಿ."

"ಅಜ್ಜನಿಗಾದರೂ ಹೇಳಬೇಕಲ್ವ?"

"ಅಜ್ಜ ಪೊಲೀಸರಿಗೆ ಹೇಳೂದಿಲ್ಲಂತ ಬರದು ಕೊಟ್ಟಾನೇನು?"

ಪ್ರಾಣಿಗೆ ಗುದ್ದಿದರೆ ಪೊಲೀಸರಿಗೋ ಆ ಕಾಡಿನ ಬೇಟೆಗಾರರಿಗೋ ತಿಳಿಸಲೇಬೇಕು ಎಂದು ನಾನು ಓದದ ಆ ಪುಸ್ತಕದಲ್ಲಿತ್ತು. ಗೆಳೆಯ ಹೇಳಿದ್ದಕ್ಕೆ ಹೊರಟೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅವನು ಬಾಯಿ ತೆರೆಯುವ ಮೊದಲೇ ನನ್ನ ಕಾಲು ಕ್ಲಚ್ಚಿನ ಮೇಲಿತ್ತು.

ಸಂಜೆ ಮನೆಗೆ ಬಂದಾಗ ಅಜ್ಜ ಅಂಗಳದ ದೀಪದ ಕೆಳಗೆ ಚರ್ಮದ ಹಗ್ಗಕ್ಕೆ ಎಣ್ಣೆ ಹಚ್ಚುತ್ತಿದ್ದರು. ಮರ ಕಡಿಯುವವರು ಯಾರೋ ರಸ್ತೆಯ ಮೇಲೆ ಒಡೆದ ಗಾಜು, ಕೂದಲು ನೋಡಿ ಫೋನು ಮಾಡಿದ್ದರು. ಇನ್ನು ಬೆಳಕಿಲ್ಲ, ನಾಳೆ ಮುಂಜಾನೆ ಹೋಗಬೇಕು ಎಂದರು.

"ನೀವೂ ಬೆಳಿಗ್ಗೆ ಅದೇ ದಾರಿಯಲ್ಲಿ ಹೋದಿರಿ. ಏನಾದರೂ ನೋಡಿದಿರಾ?"

"ಮಂಜಿತ್ತು," ಎಂದೆ. "ಏನೂ ಕಾಣಲಿಲ್ಲ."

ಅವರ ಕಣ್ಣು ಕಾರಿನ ಒಡೆದ ಎಡದೀಪದ ಮೇಲೆ ನಿಂತಿತು. ಅವರು ಕೇಳುವ ಮೊದಲೇ ನಾನು ಹೇಳಿದೆ, "ಆಫೀಸಿನ ಪಾರ್ಕಿಂಗ್‌ನಲ್ಲಿ ಕಂಬಕ್ಕೆ ತಗುಲಿತು."

ಅಜ್ಜ ಎದ್ದು ಬಂದು ಬಗ್ಗಿದರು. ನಂಬರ್ ಪ್ಲೇಟಿನ ಮೂಲೆಯಿಂದ ಏನನ್ನೋ ಎರಡು ಬೆರಳಲ್ಲಿ ಎಳೆದು ತೆಗೆದು ದೀಪಕ್ಕೆ ಹಿಡಿದರು. ಕಪ್ಪಗೆ, ಬ್ರಷ್ಷಿನ ಕೂದಲಿನಷ್ಟು ಒರಟು. ಅದನ್ನು ವೇಸ್ಟ್‌ಕೋಟಿನ ಜೇಬಿಗೆ ಹಾಕಿಕೊಂಡರು.

"ಕಂಬ ಎಲ್ಲಿ ನಿಂತಿತ್ತು?" ಎಂದರು.

ನಾನು ನಕ್ಕೆ. ತಮಾಷೆಯೆಂದು ತಿಳಿದವನಂತೆ ನಕ್ಕೆ.

"ಮುಖ ಯಾವ ಕಡೆಗಿತ್ತು?"

ಈ ಸಲ ನಗು ಬರಲಿಲ್ಲ. ಅವರು ಕಾದರು, ಅಟ್ಟಣೆಯ ಮೇಲೆ ಕಾದ ಹಾಗೆ. ನಾನು ಅಡ್ಡ ತಿರುಗಲಿಲ್ಲ. ಗೆಳೆಯ ನನ್ನ ಜಾಕೆಟ್ಟು ಜಗ್ಗಿದ. ಅಜ್ಜ ತಲೆಯಾಡಿಸಿ ಹಗ್ಗದ ಕಡೆಗೆ ತಿರುಗಿದರು. "ಈಗ ನಿಜ ಹೇಳಿ" ಎಂಬ ಮಾತನ್ನು ಫೋನು ಮಾಡಿದವರಿಗೆಲ್ಲ ಹೇಳುತ್ತಿದ್ದರು. ನನಗೆ ಹೇಳಲಿಲ್ಲ. ಬಾಡಿಗೆಗಿದ್ದ ಪರದೇಶಿ ಹುಡುಗನನ್ನು ಅಷ್ಟು ಬಲವಂತ ಮಾಡಬಾರದೆಂಬ ಸಂಕೋಚವಿರಬೇಕು. ಆ ಸಂಕೋಚದ ಹಿಂದೆ ನಾನು ಅಡಗಿಕೊಂಡೆ.

ಮಾರನೇ ದಿನ ನಡೆದದ್ದನ್ನು ಅವರ ಹೆಂಡತಿಯಿಂದ ತಿಳಿದೆ. ರಸ್ತೆಯ ಮೇಲೆ ರಕ್ತ ಹೆಚ್ಚಿರಲಿಲ್ಲ. ಕಾರು ಗುದ್ದಿದರೆ ಸಾಮಾನ್ಯವಾಗಿ ಪ್ರಾಣಿಗೆ ಒಳಗೇ ಒಡೆಯುತ್ತದೆ. ಒಂದಿಡೀ ದಿನ ಕಳೆದಿದೆ, ಎಲ್ಲೋ ಸತ್ತು ಬಿದ್ದಿರುತ್ತದೆ ಎಂದು ಎಣಿಸಿ ಅಜ್ಜ ಜೊತೆಗೆ ಯಾರನ್ನೂ ಕರೆಯದೆ ಹೋದರು. ಹಳ್ಳದ ಪಕ್ಕದ ಮುಳ್ಳುಪೊದೆಯಲ್ಲಿ ಅದು ಸತ್ತಿರಲಿಲ್ಲ. ಮೂರು ಕಾಲಲ್ಲಿ ಎದ್ದು ಬಂದು ಮೊದಲು ಆಸ್ಟಾಳ ಪಕ್ಕೆ ಸೀಳಿತು, ಆಮೇಲೆ ಕೋರೆಯಿಂದ ಅಜ್ಜನ ತೊಡೆ. ಎರಡು ಮಾರು ದೂರದಲ್ಲಿ ಅವರು ಅದನ್ನು ಹೊಡೆದು ಮುಗಿಸಿ, ಬೆಲ್ಟಿನಿಂದ ತೊಡೆ ಬಿಗಿದು, ನಾಯಿಯನ್ನು ಕೋಟಿನಲ್ಲಿ ಸುತ್ತಿಕೊಂಡು ರಸ್ತೆಯವರೆಗೆ ತೆವಳಿ ಬಂದಿದ್ದರು.

"ಕಾಲು ಮುರಿದಿದೆ ಎಂದು ಯಾರಾದರೂ ಹೇಳಿದ್ದರೆ ಇವರು ಒಬ್ಬರೇ ಹೋಗುತ್ತಿರಲಿಲ್ಲ," ಎಂದರು ಆಕೆ. ಅವರು ನನ್ನನ್ನು ನೋಡಿ ಹೇಳಲಿಲ್ಲ, ಒಲೆಯನ್ನು ನೋಡಿ ಹೇಳಿದರು. ನಾನು ಆಸ್ಪತ್ರೆಗೆ ದ್ರಾಕ್ಷಿ ತೆಗೆದುಕೊಂಡು ಹೋದೆ. ನಾನು ಮಾಡಿದ್ದು ಅಷ್ಟೇ. ಬೀಜವಿಲ್ಲದ ದ್ರಾಕ್ಷಿ.

ಅಜ್ಜ ಕೋಲೂರಿಕೊಂಡು ಮನೆಗೆ ಬಂದ ಎರಡು ದಿನಕ್ಕೆ, ಬೆಳಿಗ್ಗೆ, ಕಾರಿನ ವೈಪರಿನ ಕೆಳಗೆ ಫಿರ್ ಮರದ ಒಂದು ಚಿಕ್ಕ ರೆಂಬೆ ಸಿಕ್ಕಿಸಿತ್ತು. ತುದಿ ಕಪ್ಪಗೆ ಒಣಗಿತ್ತು.

"ಗಾಳಿಗೆ ಬಿದ್ದಿರ್ತದ ತಗೋ," ಎಂದ ಗೆಳೆಯ.

ವೈಪರ್ ಎತ್ತಿ ಕೆಳಗಿಡುವ ಗಾಳಿಯನ್ನು ನಾನು ಈವರೆಗೆ ಕಂಡಿಲ್ಲ. ಎರಡಾಗಿ ಮುರಿದು ಅರ್ಧವನ್ನು ಕೆಳಮನೆಗೆ ಕೊಟ್ಟುಬಂದಿದ್ದರೆ ಸಾಕಿತ್ತು. ಜರ್ಮನ್ ವ್ಯಾಕರಣ ಕೂಡ ಬೇಕಿರಲಿಲ್ಲ. ಆ ವಾರ ಎರಡು ಸಲ ಮೆಟ್ಟಿಲಿಳಿದೆ. ಬಾಗಿಲ ಹಿಂದೆ ಕೋಲಿನ ಸದ್ದು ಕೇಳಿದ್ದೇ ತಡ, ಅಂಚೆಪೆಟ್ಟಿಗೆ ನೋಡಲು ಬಂದವನಂತೆ ನೋಡಿ ಮೇಲೆ ಹೋದೆ. ಕಸಕ್ಕೆ ಹಾಕೋಣವೆಂದರೆ ಹಸಿಕಸದ ತೊಟ್ಟಿಯನ್ನು ಅವರ ಹೆಂಡತಿ ದಿನಾ ಇಣುಕಿ ನೋಡುತ್ತಿದ್ದರು. ಕೊನೆಗೆ ಅದನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿ, ಲೈಸೆನ್ಸಿನ ಅರ್ಜಿಯ ಹಿಂದೆ ಫೈಲು ಮಾಡಿದೆ.

ಆಸ್ಟಾ ಬದುಕಿದಳು, ಆದರೆ ಮತ್ತೆ ಜಾಡು ಹಿಡಿಯಲಿಲ್ಲ. ಅಜ್ಜ ಬೇರೆ ನಾಯಿ ತರಲಿಲ್ಲ. ಫೋನು ಬಂದರೆ ಬೇರೊಬ್ಬರ ನಂಬರು ಕೊಡುತ್ತಿದ್ದರು. ಪ್ರಶ್ನೆಗಳು ನಿಂತವು. ನಮ್ಮ ಬೆಳಗಿನ ಅವಲಕ್ಕಿ ನಿಶ್ಶಬ್ದವಾಯಿತು. ಗೆಳೆಯನೂ ಆಫೀಸಿನಲ್ಲಿ ಆ ಮಾತು ಆಡುವುದನ್ನು ಬಿಟ್ಟ. ನಾವಿಬ್ಬರೂ ಆ ವಿಷಯ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ.

ವಸಂತದಲ್ಲಿ ನನಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅಜ್ಜ ಕುಂಟುತ್ತ ಬಂದು ನನ್ನ ಮೇಜುದೀಪವನ್ನು ಕಾರಿನವರೆಗೆ ತಂದುಕೊಟ್ಟರು. ಖಾಲಿ ಕೋಣೆಗಳನ್ನು ಒಮ್ಮೆ ನೋಡಿ, ಮನೆ ಬಿಡುವವರನ್ನೆಲ್ಲ ಕೇಳುವ ಮಾತನ್ನೇ ಕೇಳಿದರು.

"ಏನೂ ಬಿಟ್ಟಿಲ್ಲವಲ್ಲ?"

"ಏನೂ ಬಿಟ್ಟಿಲ್ಲ," ಎಂದೆ.

ಆಮೇಲೆ ಪ್ರತಿ ಕ್ರಿಸ್‌ಮಸ್‌ಗೆ ಕಾರ್ಡು ಬರೆದೆ. ಮದುವೆ, ಮಕ್ಕಳು, ಪಾಸ್‌ಪೋರ್ಟು ಬದಲಾದದ್ದು, ಎಲ್ಲ ಬರೆದೆ. ಪ್ರತಿ ವರ್ಷ ಕಾರ್ಡಿನ ಕೆಳಗೆ ಎರಡು ಸಾಲಿನ ಜಾಗ ಬಿಟ್ಟುಕೊಂಡು ಆರಂಭಿಸುತ್ತಿದ್ದೆ, ಪ್ರತಿ ವರ್ಷ ಅದು ಹವಾಮಾನಕ್ಕೆ ಖರ್ಚಾಗುತ್ತಿತ್ತು. ಅವರ ಕಾರ್ಡಿನಲ್ಲಿ ಒಂದೇ ಸಾಲು ಇರುತ್ತಿತ್ತು. "ಈ ವರ್ಷ ಹಂದಿ ಬಹಳ. ನಾನು ನೋಡುತ್ತೇನೆ ಅಷ್ಟೆ."

ಕಪಾಟಿನ ಮೇಲಿನ ಫೈಲಿನಲ್ಲಿ ರೆಂಬೆ ಇತ್ತು. ಐದು ಮನೆ ಬದಲಾಯಿಸಿದರೂ ಇತ್ತು. ಎಲೆಗಳೆಲ್ಲ ಉದುರಿ ಪ್ಲಾಸ್ಟಿಕ್ ಹಾಳೆಯ ತಳದಲ್ಲಿ ಕಂದು ಪುಡಿಯಾಗಿ ಕೂತಿದ್ದವು. "ಇದೇನ್ರೀ ಇದು?" ಎಂದಳು ಹೆಂಡತಿ. ಹೇಳಿದೆ. ಅವಳಿಗೂ ಅದೇ ಮೊದಲ ಸಲ ಹೇಳಿದ್ದು. ಅವಳು "ಬೆಳಿಗ್ಗೆ ಎಷ್ಟು ಗಂಟೆಗೆ ಟ್ರೈನು?" ಎಂದು ಮಾತ್ರ ಕೇಳಿದಳು.

ಹಳ್ಳಿಯ ಸ್ಮಶಾನದಲ್ಲಿ ಬೇಟೆಗಾರರು ಕೊಂಬೂದಿದರು. ಒಬ್ಬೊಬ್ಬರಾಗಿ ಬಂದು ಟೋಪಿಯಿಂದ ಹಸಿರು ರೆಂಬೆ ತೆಗೆದು ಗುಂಡಿಯೊಳಗೆ ಹಾಕಿದರು. ದಂತವೈದ್ಯರೂ ಇದ್ದರು, ಮುದುಕರಾಗಿದ್ದರು. ನನ್ನ ಸರದಿ ಬಂದಾಗ ಬ್ಯಾಗಿನಿಂದ ಪ್ಲಾಸ್ಟಿಕ್ ಹಾಳೆ ತೆಗೆದೆ. ಯಾವುದೋ ಕಚೇರಿಗೆ ದಾಖಲೆ ಸಲ್ಲಿಸಲು ಬಂದವನಂತೆ ಕಂಡಿರಬೇಕು. ರೆಂಬೆಯನ್ನು ಎರಡಾಗಿ ಮುರಿದೆ. ಒಣಗಿದ್ದಕ್ಕೆ ಸದ್ದು ದೊಡ್ಡದಾಯಿತು, ಪಾದ್ರಿ ತಿರುಗಿ ನೋಡಿದರು. ಒಂದು ತುಂಡನ್ನು ಕೆಳಗೆ ಬಿಟ್ಟೆ. ಬಗ್ಗಿ, ತುಟಿಯಷ್ಟೇ ಅಲುಗುವ ಹಾಗೆ, ಹೇಳಬೇಕಾದ್ದನ್ನು ಹೇಳತೊಡಗಿದೆ.

ಪಕ್ಕದಲ್ಲಿದ್ದ ಅವರ ಹೆಂಡತಿ ನನ್ನ ತೋಳು ಹಿಡಿದರು. ಕೈಯಲ್ಲಿ ಉಳಿದ ಅರ್ಧ ರೆಂಬೆಯನ್ನು ನೋಡಿದರು.

"ಜೋರಾಗಿ ಹೇಳಿ," ಎಂದರು. "ಅವರಿಗೆ ಆ ಕಿವಿ ಕೇಳುತ್ತಿರಲಿಲ್ಲ."

ನಾನು ಬಲಗಡೆಗೆ ಹೋಗಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಕಾಡಿನ ರಸ್ತೆಯ ಮೂರನೇ ತಿರುವಿನಲ್ಲಿ ನಿಂತಿತ್ತು. ಮುಖ ಬಲಕ್ಕಿತ್ತು. ಬಲ ಹಿಂಗಾಲಿಗೆ ತಗುಲಿತು, ಕಾಲು ಮುರಿದಿತ್ತು. ತಿರುಗಿ ಎಡಕ್ಕೆ, ಹಳ್ಳದ ಕಡೆಗೆ ಹೋಯಿತು. ಗುದ್ದಿದವನು ನಾನು.